ಏಳನೇ ನಂಬರಿನ ತಾಟು

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಕಾರಹುಣ್ಣಿಮೆಯ ಮರುದಿನ, ಮಂಗಳವಾರ, ಮಟಮಟ ಮಧ್ಯಾಹ್ನ. ಆಗ ನಾನು ಏಳನೇ ಇಯತ್ತೆ. ತೊರಗಲ್ಲಿನ ಕೋಟೆಯ ಕೆಳಗೆ ನಮ್ಮ ಮನೆ. ಸಾಲಿಯಲ್ಲಿ ಮಾಸ್ತರರು ಒಂದು ಮಾತು ಅಂದಿದ್ದರು, ಮನೆಗೆ ಬಂದರೆ ಅಪ್ಪ ಅದಕ್ಕೆ ಎರಡು ಕೂಡಿಸಿದ. ನಾನು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ. ಒಲೆಯ ಮುಂದೆ ಕುಂತಿದ್ದ ಅವ್ವ ಕೂಗಿದಳು: "ಲೇ, ಅರ್ಧ ತಾಟು ಬಿಟ್ಟು ಏಳಬ್ಯಾಡೋ! ಬಿಟ್ಟ ತಾಟು ಬೆನ್ನ ಹತ್ತತೈತಿ!"

ಹತ್ತಿತು. ಅಂದಿನಿಂದ ಯಾವ ಊರಿಗೆ ಹೋದರೂ ನನಗೆ ಸಿಗುವ ಕೆಲಸ ತಾಟಿನದೇ. ಸವದತ್ತಿಯಲ್ಲಿ ತಾಟು ತೊಳೆದೆ, ರಾಮದುರ್ಗದಲ್ಲಿ ತಾಟು ಕಳೆದು ಬೈಸಿಕೊಂಡೆ, ಕಿತ್ತೂರಿನಲ್ಲಿ ಬಡಿಸಿದೆ. ಬರೀ ಕೆಲಸವಾಗಿದ್ದರೆ ಮಾತು ಬೇರೆ. ನಾನು ಹೋದಲ್ಲೆಲ್ಲ ತಾಟಿನ ಆಸುಪಾಸು ಏನಾದರೊಂದು ನಡೆಯುತ್ತದೆ. ನಡೆಯುವಾಗ ಮೈಮೇಲಿನ ಕೂದಲು ನಿಲ್ಲುತ್ತದೆ, ಆಮೇಲೆ ಯಾರಿಗಾದರೂ ಹೇಳಿದರೆ ಅವರು ಹೊಟ್ಟೆ ಹಿಡಕೊಂಡು ನಗುತ್ತಾರೆ. ನಿಂತ ಕೂದಲು ನನ್ನದು, ನಗುವ ಹೊಟ್ಟೆ ಅವರದು.

೧. ಕಿತ್ತೂರಿನ ಹೆಣ್ಣುದನಿ

ಕಿತ್ತೂರಿನ ಕಡೆ ಒಂದು ಹಾಸ್ಟೆಲಿನಲ್ಲಿ ಬಡಿಸುವ ಕೆಲಸಕ್ಕಿದ್ದೆ. ಅಲ್ಲಿ ಊಟದ ಪ್ಲಾನಿಗೆ ರೊಕ್ಕ ತುಂಬಿದ ಹುಡುಗರು ಗೋಡೆಯ ಮೇಲಿನ ಮಷೀನಿಗೆ ಹೆಬ್ಬೆರಳು ಒತ್ತಿ ಒಳಗೆ ಬರಬೇಕು. ಬೆರಳು ಹೊಂದಿದರೆ ಮಷೀನಿನೊಳಗಿನ ಹೆಣ್ಣುಮಗಳು "ಧನ್ಯವಾದ" ಅನ್ನುತ್ತಾಳೆ. ಹೊಂದದಿದ್ದರೆ "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ" ಅನ್ನುತ್ತಾಳೆ.

ಒಂದು ಮಧ್ಯಾಹ್ನ ಊಟ ಮುಗಿದಿತ್ತು. ಹುಡುಗರೆಲ್ಲ ಹೋಗಿದ್ದರು. ಖಾಲಿ ಕೋಣೆಯಲ್ಲಿ ನಾನೊಬ್ಬನೇ ನೆಲ ಒರೆಸುತ್ತಿದ್ದೆ. ಬೆನ್ನ ಹಿಂದೆ ದನಿ ಬಂತು.

"ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ತಿರುಗಿ ನೋಡಿದೆ. ಬಾಗಿಲ ಹತ್ತಿರ ಯಾರೂ ಇಲ್ಲ. ಮತ್ತೆ ಬಗ್ಗಿ ಒರೆಸತೊಡಗಿದೆ.

"ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ಮೂರನೇ ಸಲಕ್ಕೆ ಕೈಯಲ್ಲಿನ ಅರಿವೆ ಬಿತ್ತು. ಏಳನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ, ಇಷ್ಟು ವರ್ಷ ಕಳೆದ ಮೇಲೆ, ಯಾರೂ ಇಲ್ಲದ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಇಷ್ಟು ಸಮಾಧಾನದಿಂದ ಮತ್ತೊಮ್ಮೆ ಪ್ರಯತ್ನಿಸು ಅಂದರೆ ಎದೆ ಏನಾಗಬೇಕು? ಅಡುಗೆಮನೆಗೆ ಓಡಿ ಭಟ್ಟರಿಗೆ ಹೇಳಿದೆ.

"ನಿನಗಲ್ಲಲೇ ಅದು," ಅಂದರು ಭಟ್ಟರು. "ನೀ ಸಾಲಿ ಬಿಟ್ಟದ್ದು ಆಕಿಗೆ ಹೆಂಗ ಗೊತ್ತು?"

ಅಂದರೂ ಅವರ ಕೈ ಲಿಂಬೆಹಣ್ಣಿನ ಬುಟ್ಟಿಗೆ ಹೋಗಿತ್ತು. ಹಣ್ಣು ಹೆಚ್ಚಿ, ಕುಂಕುಮ ಹಚ್ಚಿ, ಮಂತ್ರ ಅನ್ನುತ್ತ ಮಷೀನಿನ ಹತ್ತಿರ ಒಯ್ದರು. ಮಂತ್ರ ಅರ್ಧಕ್ಕೆ ನಿಂತಿತು. ಬೆರಳು ಒತ್ತುವ ಗಾಜಿನ ಮೇಲೆ ಒಂದು ಹಲ್ಲಿ. ಮುಂಗಾಲು ಎತ್ತುತ್ತದೆ, ಇಡುತ್ತದೆ. ಎತ್ತುತ್ತದೆ, ಇಡುತ್ತದೆ.

ಭಟ್ಟರು ಲಿಂಬೆಹಣ್ಣು ಕೆಳಗಿಳಿಸಿದರು. "ಪ್ಲಾನ್ ತುಂಬದ ಉಣ್ಣಾಕ ಬಂದೈತಿ ನೋಡು."

ಹಲ್ಲಿ ನಮ್ಮ ಕಣ್ಣೆದುರೇ ನಾಲ್ಕನೇ ಸಲ ಪ್ರಯತ್ನ ಮಾಡಿತು. ಒಂದೇ ಸಲಕ್ಕೆ ಸಾಲಿ ಬಿಟ್ಟವನಿಗೆ ಅದರ ಮುಖ ನೋಡಲು ಆಗಲಿಲ್ಲ. ಮರುದಿನವೇ ಕಿತ್ತೂರು ಬಿಟ್ಟೆ.

೨. ಪ್ಲಾಟಿನಂ ಅಂದ್ರ ಎಷ್ಟು ರೊಟ್ಟಿ?

ಅಲ್ಲಿಂದ ಬಂದದ್ದು ಬೈಲಹೊಂಗಲಕ್ಕೆ. ಬಜಾರದ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ. ನಡೆಸುವವರು ಒಬ್ಬ ಹಿರಿಯ ಹೆಣ್ಣುಮಗಳು. ಉಣ್ಣಲು ಬರುವ ಕಾಲೇಜು ಹುಡುಗರೆಲ್ಲ ಅವರನ್ನು ಅವ್ವಾರು ಅನ್ನುತ್ತಿದ್ದರು, ನಾನೂ ಅಂದೆ.

ಅಲ್ಲಿ ಮಷೀನು ಗಿಷೀನು ಇರಲಿಲ್ಲ. ಗೋಡೆಯ ಮೇಲೆ ಮೊಳೆ, ಮೊಳೆಗೆ ಕಾರ್ಡು. ಕೆಂಪು ಕಾರ್ಡು ಎರಡು ಹೊತ್ತಿನ ಊಟಕ್ಕೆ, ಹಳದಿ ಕಾರ್ಡು ಸಂಜೆ ಒಂದೇ ಹೊತ್ತಿಗೆ, ಹಸಿರು ಕಾರ್ಡು ರೂಮಿಗೆ ಡಬ್ಬಿ ಒಯ್ಯುವವರಿಗೆ. ಕಾಲೇಜು ಶುರುವಾಗುವ ದಿನಗಳಲ್ಲಿ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕುಂತು, ಬಂದ ಹುಡುಗರಿಗೂ ಅವರ ಅಪ್ಪಂದಿರಿಗೂ ಯಾವ ಕಾರ್ಡು ಯಾರಿಗೆ ತಕ್ಕದ್ದು ಅಂತ ತಿಳಿಸಿ ಹೇಳುವುದು ನನ್ನ ಕೆಲಸ.

ಆ ವರ್ಷ ತೊಡಕಾಗಿತ್ತು. ಕಾಲೇಜಿನ ಹತ್ತಿರ ಹೊಸ ಮೆಸ್ ಬಂದಿತ್ತು. ಅಲ್ಲಿ ಮೊಬೈಲಿನಲ್ಲೇ ಪ್ಲಾನ್ ಆರಿಸುವುದು: ಸಿಲ್ವರ್, ಗೋಲ್ಡ್, ಪ್ಲಾಟಿನಂ. ತಿಂಗಳ ಕೊನೆಯೊಳಗೆ ಹುಡುಗರು ಅಲ್ಲೋ ಇಲ್ಲೋ ಅಂತ ನಿಶ್ಚಯ ಮಾಡಬೇಕು. ಮೂವತ್ತು ಕಾರ್ಡು ಆಗದಿದ್ದರೆ ಒಲೆ ಆರಿಸುವುದೇ ಸರಿ ಅಂತ ಅವ್ವಾರು ನನ್ನ ಮುಂದೆ ಅಂದಿದ್ದರು. ನಾನು ಬಂದಾಗ ಇದ್ದದ್ದು ಇಪ್ಪತ್ನಾಲ್ಕು.

"ಖಾನಾವಳಿ ಮುಚ್ಚಿದ್ರ ನನಗ ಚಿಂತಿಲ್ಲೋ ತಮ್ಮಾ," ಅಂದರು. "ಒಲಿ ಆರಿದ್ರ ಏಳನೇ ನಂಬರಿನ ತಾಟು ಯಾರ ಇಡತಾರ? ಅದೊಂದ ಚಿಂತಿ."

"ಏಳನೇ ನಂಬರು ಯಾರದ್ರಿ ಅವ್ವಾರ?"

ಅವರು ಗೋಡೆ ತೋರಿಸಿದರು. ಎಲ್ಲ ಕಾರ್ಡುಗಳಿಂದ ದೂರ, ಒಂದೇ ಮೊಳೆಗೆ ಒಂದು ಬಿಳಿ ಕಾರ್ಡು. ಏಳು ಅಂತ ಬರೆದದ್ದು ಬಿಟ್ಟರೆ ಹೆಸರಿಲ್ಲ. ದಿನಕ್ಕೊಂದು ಗೀಟು ಮಾತ್ರ ತಪ್ಪದೆ ಬಿದ್ದಿತ್ತು.

"ನಾಳೆ ಮಧ್ಯಾಹ್ನ ನೋಡಾವಂತಿ," ಅಂದರು. "ಮೂವತ್ತು ತುಂಬೂತನಕ ಇರತೀಯಿಲ್ಲೋ?"

"ಇರತೇನ್ರಿ," ಅಂದೆ. ಮಾತು ಕೊಟ್ಟದ್ದು ಬಾಯಿ. ಕಾಲಿಗೆ ಯಾರೂ ಕೇಳಲಿಲ್ಲ.

ಆ ದಿನವೇ ಉಗರಗೋಳದಿಂದ ಒಬ್ಬ ಹಿರಿಯರು ಮಗನನ್ನು ಕರಕೊಂಡು ಬಂದರು. ಮಗನ ಮೊಬೈಲಿನಲ್ಲಿ ಹೊಸ ಮೆಸ್ಸಿನ ಪ್ಲಾನು ತೆರೆದಿತ್ತು.

"ಇದ ಏನೋ ಪ್ಲಾಟಿನಂ ಅಂತ ಐತಿ," ಅಂದರು ಹಿರಿಯರು. "ಪ್ಲಾಟಿನಂ ಅಂದ್ರ ಎಷ್ಟು ರೊಟ್ಟಿ?"

"ಅದ ನನಗ ಗೊತ್ತಿಲ್ರಿ. ನಮ್ಮಲ್ಲೆ ಹೊಟ್ಟಿ ತುಂಬೂತನಕ."

"ಹಂಗಾದ್ರ ಕೆಂಪು ಕಾರ್ಡು ಕೊಡ್ರಿ. ಎರಡೂ ಹೊತ್ತು ಉಣ್ಣಲಿ."

ಮಗ ಅಪ್ಪನ ಅಂಗಿ ಜಗ್ಗಿದ. "ಬ್ಯಾಡಪ್ಪಾ. ಹಳದಿ ಸಾಕು. ನನಗ ಮಧ್ಯಾಹ್ನ ಹಸಿವಾಗಂಗಿಲ್ಲ."

ಅಪ್ಪ ಮಗನ ಮುಖ ನೋಡಿದರು, ತಮ್ಮ ಚಪ್ಪಲಿ ನೋಡಿಕೊಂಡರು. ನಾನು ಹಳದಿ ಕಾರ್ಡಿಗೆ ಹೆಸರು ಬರೆದೆ. ಹತ್ತೊಂಬತ್ತು ವಯಸ್ಸಿನ ಹುಡುಗ ಮಧ್ಯಾಹ್ನ ಹಸಿವಾಗುವುದಿಲ್ಲ ಅಂತಾನೆ. ದೆವ್ವ ಭೂತ ಏನೇ ಇರಲಿ, ನಾನು ಹೆದರಬೇಕಾದದ್ದು ಆಗಲೇ.

೩. ಊದಿನಕಡ್ಡಿ ಉರಿಯುವಷ್ಟು ಹೊತ್ತು

ಮರುದಿನ ಹನ್ನೆರಡೂವರೆ. ಹುಡುಗರು ಊಟಕ್ಕೆ ಬರುವುದು ಒಂದು ಗಂಟೆಗೆ. ಅವ್ವಾರು ಯಾರಿಗೂ ಬಡಿಸುವ ಮೊದಲು, ತಾವೂ ನಾಲಿಗೆಗೆ ಹಚ್ಚದೆ, ಒಂದು ತಾಟು ಹಚ್ಚಿದರು. ಎರಡು ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಒಂದು ಹಸಿಮೆಣಸಿನಕಾಯಿ. ಪಕ್ಕಕ್ಕೊಂದು ಸಣ್ಣ ಬಟ್ಟಲು, ಅದರ ತುಂಬ ಉಪ್ಪು. ಎಲ್ಲವನ್ನೂ ಒಯ್ದು ಮೂಲೆಯ ಏಳನೇ ಜಾಗಕ್ಕೆ ಇಟ್ಟರು. ಮೇಲೆ ಗೋಡೆಯಲ್ಲಿ ಅವರ ಯಜಮಾನರ ಫೋಟೋ. ತೀರಿಕೊಂಡು ಐದು ವರ್ಷ.

ನಮ್ಮ ಕಡೆ ಹಿರಿಯರಿಗೆ ಎಡೆ ಇಡುವುದು ವರ್ಷಕ್ಕೊಮ್ಮೆ. ಅವ್ವಾರದು ದಿನಾ.

"ಇದು ಅವರ ಜಾಗ," ಅಂದರು. "ದಿನಾ ಮೊದಲ ತಾಟು ಅವರದ. ಉಂಡು ಉಪ್ಪು ಖಾರ ನೋಡಿ ಹೇಳಿದ ಮ್ಯಾಲೆ ಗಿರಾಕಿಗೆ ಬಡಸೂದು. ಬಾಯಿಲೆ ಹೇಳತಿದ್ದಿಲ್ಲ ಪುಣ್ಯಾತ್ಮ. ಉಪ್ಪು ಕಮ್ಮಿ ಇದ್ರ ಮೆಣಸಿನಕಾಯಿ ತೊಟ್ಟು ಈ ಬಟ್ಟಲದಾಗ ನೆಟ್ಟು ಏಳತಿದ್ದರು, ಧ್ವಜದ ಗತೆ."

ಅರ್ಧ ಮುರಿದ ಊದಿನಕಡ್ಡಿ ಹಚ್ಚಿದರು. ಬೀದಿಯ ಬಾಗಿಲು ಹಾಕಿದರು, ಅಡುಗೆಮನೆಯ ಬಾಗಿಲೂ ಎಳೆದುಕೊಂಡರು. ಹಿತ್ತಲ ಬಾಗಿಲು ಮಾತ್ರ ತೆರೆದೇ ಇತ್ತು, ಯಜಮಾನರು ಹೊಲದಿಂದ ಅದೇ ಬಾಗಿಲಿಂದ ಬರುತ್ತಿದ್ದರಂತೆ. ಸತ್ತವರು ಉಣ್ಣುವಾಗ ನೋಡಬಾರದು. ಇಬ್ಬರೂ ಅಡುಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕುಂತೆವು. ಹೊರಗೆ ಬಿಸಿಲು ಗಕ್ಕನೆ ನಿಂತುಬಿಟ್ಟಂತಿತ್ತು. ಒಂದು ಕಾಗೆಯೂ ಕೂಗಲಿಲ್ಲ. ಗೋಡೆಯಾಚೆ ಸ್ಟೀಲಿನ ತಾಟು ಒಮ್ಮೆ ಸಣ್ಣಗೆ ಕಿಣಕ್ ಅಂದಿತು.

ನಾನು ಅವ್ವಾರ ಕಡೆ ನೋಡಿದೆ. ಅವರು ಬೆಳ್ಳುಳ್ಳಿ ಬಿಡಿಸುತ್ತಿದ್ದರು.

ಊದಿನಕಡ್ಡಿ ಮುಗಿಯುವ ಹೊತ್ತಿಗೆ ಎದ್ದು, ಬಾಗಿಲ ಮುಂದೆ ಗಟ್ಟಿಯಾಗಿ ಮೂರು ಸಲ ಕೆಮ್ಮಿದರು. ಒಳಗಿದ್ದವರಿಗೆ ಎದ್ದು ಹೋಗಲು ಹೊತ್ತು ಕೊಡಬೇಕಲ್ಲ. ಆಮೇಲೆ ಬಾಗಿಲು ತೆರೆದರು.

ತಾಟು ಖಾಲಿ. ಒಂದು ಕಾಳು ಉಳಿದಿಲ್ಲ. ಮೆಣಸಿನಕಾಯಿ ತೊಟ್ಟು ಸಹಿತ ಇಲ್ಲ. ಉಪ್ಪಿನ ಬಟ್ಟಲಲ್ಲಿ ಬೆರಳು ಅದ್ದಿದ ಕುಳಿ.

ಅವ್ವಾರು ಬಗ್ಗಿ ಕುಳಿ ನೋಡಿದರು. "ಉಪ್ಪು ತಗೊಂಡಾರ. ಸಾರಿಗೆ ಒಂದ ಚಿಟಿಕಿ ಹಾಕು."

"ಅವ್ವಾರ... ಇದು ದಿನಾ ಹಿಂಗ ಆಕ್ಕೈತೇನ್ರಿ?"

"ದಿನಾ. ಬದುಕಿದ್ದಾಗ ಎರಡು ರೊಟ್ಟಿಗೆ ಅರ್ಧ ತಾಸು ಹಿಡೀತಿದ್ದರು, ಮುಂದಿನ ಹಲ್ಲೆಲ್ಲಾ ಬಿದ್ದಿದ್ದುವು." ಬಿಳಿ ಕಾರ್ಡಿಗೆ ಗೀಟು ಹಾಕಿದರು. "ಈಗ ಅರ್ಧ ಕಡ್ಡಿ ಉರಿಯೂದ್ರಾಗ ಖಾಲಿ. ಹೋದಲ್ಲೆ ಹಲ್ಲು ಕೊಟ್ಟಾರ ಕಾಣತೈತಿ."

೪. ಯಜಮಾನರ ಬಿ.ಪಿ.

ಒಂದು ಗುರುವಾರ ಬಾಗಿಲು ತೆರೆದರೆ ಉಪ್ಪಿನ ಬಟ್ಟಲು ಪೂರ್ತಿ ಖಾಲಿ. ಕುಳಿಯಲ್ಲ, ಬಟ್ಟಲೇ ನೆಕ್ಕಿದಂತೆ.

"ಇವತ್ತ ಭಾಳ ಕಮ್ಮಿ ಆಗೇತಿ," ಅಂದರು ಅವ್ವಾರು. ಸಾರಿಗೆ ಒಂದು ಮುಷ್ಟಿ, ಪಲ್ಯಕ್ಕೆ ಒಂದು ಮುಷ್ಟಿ. ನಾನು "ಒಂಚೂರು ನಾಲಿಗಿಗೆ ಹಚ್ಚಿ ನೋಡೋಣೇನ್ರಿ" ಅಂದದ್ದಕ್ಕೆ, "ಅವರು ನೋಡ್ಯಾರ, ನೀ ಯಾವಾಂವ?" ಅಂದರು.

ಒಂದು ಗಂಟೆಗೆ ಹುಡುಗರು ಕುಂತರು. ಮೊದಲ ತುತ್ತಿಗೇ ಇಡೀ ಪಂಕ್ತಿ ನಿಂತಿತು. ಕೆಂಪು ಕಾರ್ಡಿನವನೊಬ್ಬ ಕಣ್ಣಲ್ಲಿ ನೀರು ತುಂಬಿಕೊಂಡು, "ಕಾಕಾ, ಇದು ಸಾರೋ ಸಮುದ್ರೋ?" ಅಂದ. ಕೊಡದ ನೀರು ತಳ ಕಂಡಿತು. ಇನ್ನೊಬ್ಬ ಅಲ್ಲೇ ಮೊಬೈಲು ತೆಗೆದು ಗೋಲ್ಡ್ ಪ್ಲಾನ್ ಒತ್ತತೊಡಗಿದ. ನನಗೆ ಒಂದು ಕಾರ್ಡು ಕೈತಪ್ಪಿದ್ದು ಕಂಡೇ ಕಂಡಿತು.

ಅವ್ವಾರು ಸಾರು ನಾಲಿಗೆಗೆ ಹಚ್ಚಿದರು. ಮುಖ ಹುಳ್ಳಗಾಯಿತು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಸೀದಾ ಏಳನೇ ಜಾಗದ ಫೋಟೋ ಮುಂದೆ ಹೋಗಿ ನಿಂತರು.

"ಬದುಕಿದ್ದಾಗ ಬಿ.ಪಿ. ಐತಿ ಅಂತ ಉಪ್ಪು ಬಿಡಿಸಿದ್ದೆ. ಈಗ ಯಾರ ಹೇಳಾವ್ರಿಲ್ಲ ಅಂತ ಬಟ್ಟಲ ನೆಕ್ಕೇರೇನು? ನಾಳಿಂದ ಡಾಕ್ಟರ ಹೇಳಿದಷ್ಟ!"

ಮರುದಿನ ಬಟ್ಟಲಲ್ಲಿ ಇಟ್ಟದ್ದು ನಾಲ್ಕೇ ಹರಳು.

೫. ವಿಜ್ಞಾನದ ಪರೀಕ್ಷೆ

ಹಳದಿ ಕಾರ್ಡಿನವರಲ್ಲಿ ಒಬ್ಬ ಬಿ.ಎಸ್ಸಿ. ಹುಡುಗನಿದ್ದ. ಕನ್ನಡಕ, ಅಂಗಿಯ ಕಿಸೆಗೆ ಮೂರು ಪೆನ್ನು. ದೆವ್ವ ಇಲ್ಲ ಅಂತ ಊಟದ ನಡುವೆ ಭಾಷಣ ಮಾಡುತ್ತಿದ್ದ.

"ಅವ್ವಾರ, ನೆಲಕ್ಕ ಪುಡಿ ಹಾಕಿ ಬಿಡೋಣ್ರಿ. ಬಂದಾವರ ಹೆಜ್ಜಿ ಮೂಡತೈತಿ. ಮೂಡಲಿಲ್ಲ ಅಂದ್ರ ಇಲಿ. ಮೂಡಿತಂದ್ರ ಮನಷ್ಯಾ. ದೆವ್ವಕ್ಕ ಜಾಗಾನ ಇಲ್ಲ."

"ಹಾಕಪ್ಪಾ," ಅಂದರು ಅವ್ವಾರು. "ಜ್ವಾಳದ ಹಿಟ್ಟು ಮಾತ್ರ ಬ್ಯಾಡ, ಅದು ಉಣ್ಣೂದು. ರಂಗೋಲಿ ಪುಡಿ ಹಾಕು."

ಅವನು ಏಳನೇ ಜಾಗದ ಸುತ್ತ ಬೆಳ್ಳಗೆ ಪುಡಿ ಉದುರಿಸಿ ಬೀದಿಗೆ ಹೋದ. ತಾಟು ಇಟ್ಟರು, ಊದಿನಕಡ್ಡಿ ಹಚ್ಚಿದರು, ಬಾಗಿಲು ಹಾಕಿದರು. ಆ ದಿನ ಆಚೆ ಕಿಣಕ್ ಅನ್ನುವ ಸದ್ದು ಎರಡು ಮೂರು ಸಲ ಬಂತು. ಕೆಮ್ಮಿ ಬಾಗಿಲು ತೆರೆದಾಗ ಊಟಕ್ಕೆ ಬಂದ ಹುಡುಗರೆಲ್ಲ ಬೀದಿ ಬಾಗಿಲಲ್ಲಿ ಕತ್ತು ಚಾಚಿ ನಿಂತಿದ್ದರು.

ಪುಡಿಯ ಮೇಲೆ ಹೆಜ್ಜೆ ಮೂಡಿತ್ತು. ಒಬ್ಬರದಲ್ಲ. ಎಲ್ಲ ಬರಿಗಾಲು. ಒಂದು ಸಣ್ಣದು, ಒಂದು ಅಗಲ, ಒಂದಕ್ಕೆ ಕಿರುಬೆರಳೇ ಇಲ್ಲ. ತಾಟಿನ ತನಕ ಬಂದು, ಕುಕ್ಕರಗಾಲಲ್ಲಿ ಕುಂತು, ತಿರುಗಿ ಹಿತ್ತಲ ಕಡೆ ಹೋಗಿದ್ದವು. ನಡುನಡುವೆ ಪುಡಿ ಒರೆಸಿದಂತೆ ಕದಡಿತ್ತು. ಬಿ.ಎಸ್ಸಿ. ಹುಡುಗ ಬಗ್ಗಿ ಎಣಿಸಿದ. ಎಂಟು ಥರದ ಹೆಜ್ಜೆ. ಎದ್ದು ನಿಂತಾಗ ಅವನ ಮುಖ ರಂಗೋಲಿಗಿಂತ ಬೆಳ್ಳಗಿತ್ತು.

"ಎಂ... ಎಂಟು ಮಂದಿ," ಅಂದ.

ಅವ್ವಾರು ಬಗ್ಗಿ ಹೆಜ್ಜೆಗಳನ್ನು ನೋಡಿದರು.

"ಒಬ್ಬರ ಕುಂತು ಉಂಡಾವರಲ್ಲ ಅವರು," ಅಂದರು. "ಗೆಳ್ಯಾರನ್ನ ಕರಕೊಂಡ ಬಂದಾರ." ನನ್ನ ಕಡೆ ತಿರುಗಿದರು. "ತಮ್ಮಾ, ನಾಳಿಂದ ಏಳನೇ ತಾಟಿಗೆ ಇನ್ನೆರಡು ರೊಟ್ಟಿ ಹಚ್ಚು!"

೬. ಜೋಳದ ಚೀಲದ ಹಿಂದೆ

ಎಂಟು ದೆವ್ವದ ಸುದ್ದಿ ಸಂಜೆಯೊಳಗೆ ಊರೂರಿಗೆ ಮುಟ್ಟಿತು. ರಾಮದುರ್ಗದ ಕಡೆಯಿಂದ ಒಬ್ಬ ತಾಯಿ ನನಗೇ ಫೋನು ಮಾಡಿ, "ಸತ್ತಾವರ ಪಂಕ್ತಿಯಾಗ ನನ್ನ ಮಗನ್ನ ಕುಂದರಸಬ್ಯಾಡ್ರೀ ಯಣ್ಣಾ" ಅಂತ ಅತ್ತಳು. ಕೆಂಪು ಕಾರ್ಡುಗಳು ಮೊಳೆಯಿಂದ ಇಳಿಯತೊಡಗಿದವು. ವಾರದಲ್ಲಿ ಉಳಿದದ್ದು ಹದಿನೈದು. ತಿಂಗಳು ಮುಗಿಯಲು ಐದೇ ದಿನ. ವಿಚಿತ್ರವೆಂದರೆ ಹಳದಿ ಕಾರ್ಡಿನವರು ಒಬ್ಬರೂ ಬಿಡಲಿಲ್ಲ.

ಒಂದು ಸಂಜೆ ಅವ್ವಾರು ಖಾಲಿ ಮೊಳೆಗಳನ್ನು ಸೆರಗಿನಿಂದ ಒರೆಸುವುದನ್ನು ನೋಡಿದೆ. ಮೊಳೆ ಯಾರಾದರೂ ಒರೆಸುತ್ತಾರೆಯೇ? ನನಗೆ ತಡೆಯಲಾಗಲಿಲ್ಲ. ಮರುದಿನ ಮಧ್ಯಾಹ್ನ, "ಬೀದಿಗೆ ಹೋಗಿ ಬರತೇನ್ರಿ" ಅಂತ ಸುಳ್ಳು ಹೇಳಿ, ಉಗ್ರಾಣದಲ್ಲಿ ಜೋಳದ ಚೀಲದ ಹಿಂದೆ ಅಡಗಿ ಕುಂತೆ. ಅಲ್ಲಿನ ಬಾಗಿಲ ಸಂದಿಯಿಂದ ಏಳನೇ ಜಾಗ ಕಾಣುತ್ತದೆ. ನೋಡಬಾರದ್ದನ್ನು ನೋಡಿದರೆ ಕಣ್ಣು ಹೋಗುತ್ತದೆ ಅಂತ ನಮ್ಮವ್ವ ಅನ್ನುತ್ತಿದ್ದಳು. ಅದಕ್ಕೆ ಒಂದೇ ಕಣ್ಣು ಹಚ್ಚಿದೆ.

ಊದಿನಕಡ್ಡಿಯ ಹೊಗೆ ನೆಟ್ಟಗೆ ಏರುತ್ತಿತ್ತು. ಥಟ್ಟನೆ ಅದು ಬಳುಕಿತು. ಹಿತ್ತಲ ಬಾಗಿಲಲ್ಲಿ ನೆರಳು.

ಉಗರಗೋಳದ ಹುಡುಗ. ಮಧ್ಯಾಹ್ನ ಹಸಿವಾಗದವನು. ಕೈಯಲ್ಲಿ ನೀರಿನ ಬಾಟಲಿ. ಹಿತ್ತಲ ಪಡಸಾಲೆಯಲ್ಲಿ ನೀರಿನ ಫಿಲ್ಟರ್ ಇತ್ತು, ಬಾಟಲಿ ತುಂಬಿಕೊಳ್ಳಲು ಯಾರು ಬೇಕಾದರೂ ಬರಬಹುದಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದ. ಎಡಗಾಲಿಗೆ ಕಿರುಬೆರಳಿಲ್ಲ. ಫೋಟೋಕ್ಕೆ ಕೈ ಮುಗಿದು, "ಅಜ್ಜಾರ, ಒಂದ ತುತ್ತು, ಸಿಟ್ಟಾಗಬ್ಯಾಡ್ರಿ" ಅಂದು, ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟು, ಉಪ್ಪಿಗೆ ಬೆರಳು ಅದ್ದಿ, ಹೋಗಿಬಿಟ್ಟ.

ಅವನು ಹೋದದ್ದೇ ಇನ್ನೊಬ್ಬ. ಅವನೂ ಕೈ ಮುಗಿದ, ಅವನದೂ ಒಂದೇ ತುತ್ತು. ಆಮೇಲೆ ಹಸಿರು ಕಾರ್ಡಿನ ಮನೋಳಿಯ ಹುಡುಗಿ. ಒಬ್ಬರ ಡಬ್ಬಿಯಲ್ಲಿ ಮೂವರು ಉಣ್ಣುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಆಕೆ ಒಂದು ತುತ್ತು ತಿಂದು, "ಅಜ್ಜಾರ, ನಾಳೆ ಕ್ಲಾಸ್ ಟೆಸ್ಟ್ ಐತಿ, ಸ್ವಲ್ಪ ನೋಡಕೊಳ್ರಿ" ಅಂತ ಬೇಡಿಕೊಂಡಳು. ಹಿಂಗೇ ಎಂಟು ಮಂದಿ. ಒಬ್ಬರು ಹೋಗುವ ತನಕ ಮತ್ತೊಬ್ಬರು ಹಿತ್ತಲ ಬೇವಿನಮರದ ಹಿಂದೆ, ಒಳಗಿದ್ದವರು ಬರೀ ನೀರಿಗೆ ಬಂದಾರೆ ಅಂದುಕೊಂಡು. ಒಬ್ಬರ ಸಂಗತಿ ಒಬ್ಬರಿಗೆ ಗೊತ್ತಿಲ್ಲ. ಪ್ರತಿಯೊಬ್ಬರೂ ತಾನು ತಿಂದದ್ದು ಒಂದೇ ತುತ್ತು, ಉಳಿದದ್ದನ್ನು ಅಜ್ಜ ಉಂಡ ಅಂತ ನಂಬಿ ನಡುಗುತ್ತ ಬರುತ್ತಿದ್ದರು.

ಕೊನೆಗೆ ಒಂದು ಸರ್ ಸರ್ ಸದ್ದು. ಒಂಬತ್ತನೆಯದು ಒಳಗೆ ಬಂತು, ಎರಡೂ ಪಾದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು. ಕನ್ನಡಕ. ಮೂರು ಪೆನ್ನು. ಪುಡಿ ಉದುರಿಸಿದ ದಿನ ಅವನ ಹೆಜ್ಜೆ ಮಾತ್ರ ಯಾಕೆ ಮೂಡಲಿಲ್ಲ ಅನ್ನುವುದಕ್ಕೆ ಉತ್ತರ ಅವನ ಕಾಲಲ್ಲಿತ್ತು.

ತಾಟಿನಲ್ಲಿ ಉಳಿದ ಕೊನೆಯ ತುಂಡನ್ನು ಕೈಗೆ ತಗೊಂಡು ಫೋಟೋ ಕಡೆ ನೋಡಿ ಪಿಸುಗುಟ್ಟಿದ:

"ಅಜ್ಜಾರ, ನೀವು ಇಲ್ಲ ಅಂತ ನನಗ ಪಕ್ಕಾ ಗೊತ್ತೈತಿ. ನಿಮಗೂ ಗೊತ್ತಿರಲಿ ಅಂತ ಹೇಳಾಕತ್ತೇನಿ."

೭. ಮೂವತ್ತನೇ ಕಾರ್ಡು

ನೋಡಿದ್ದನ್ನು ಅವ್ವಾರಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಐದು ವರ್ಷ ಗಂಡನಿಗೆ ಉಣ್ಣಿಸಿದ್ದೇನೆ ಅಂದುಕೊಂಡ ಜೀವಕ್ಕೆ, ಅದು ನೀರು ತುಂಬಲು ಬಂದ ಹುಡುಗರು ಅಂತ ಹೇಳಿದರೆ ಮೂವತ್ತು ಕಾರ್ಡು ತುಂಬಿದರೂ ಒಲೆ ಆರಿದಂತೆಯೇ.

ತಿಂಗಳ ಕೊನೆಯ ದಿನ ಬಂತು. ಮೇಜಿನ ಮುಂದೆ ನಾನು, ನನ್ನ ಮುಂದೆ ಹದಿನೈದು ಕಾರ್ಡು. ಮೊದಲು ಬಂದವನು ಉಗರಗೋಳದವನು. ಹಿಂದೆ ಇಬ್ಬರು ರೂಮಿನ ಗೆಳೆಯರು.

"ಕಾಕಾ, ಇವರನ್ನೂ ಬರಕೋರಿ," ಅಂದ. ಆಮೇಲೆ ನನ್ನ ಕಿವಿಗೆ ಬಗ್ಗಿದ. "ಒಂದ ಕರಾರು. ಏಳನೇ ತಾಟು ನಿಲ್ಲಿಸಬಾರದು. ಪಾಪ, ಅಜ್ಜಾರು ಉಪವಾಸ ಬೀಳತಾರ."

ಅವನು ಹೋದ ಮೇಲೆ ಮನೋಳಿಯ ಹುಡುಗಿ ಬಂದಳು, ಜೊತೆಗೆ ರೂಮಿನ ಇಬ್ಬರೂ. ಅದೇ ದನಿ, ಅದೇ ಕರಾರು. "ಟೆಸ್ಟಿನಾಗ ಪಾಸ್ ಮಾಡಿಸ್ಯಾರ್ರಿ ಅಜ್ಜಾರು," ಅಂತ ಮೇಲೆ ಸೇರಿಸಿದಳು. ಒಬ್ಬರಾದ ಮೇಲೆ ಒಬ್ಬರು, ಕಳ್ಳರ ಹಾಗೆ ಆಚೀಚೆ ನೋಡುತ್ತ ಬಂದರು. ಬಿ.ಎಸ್ಸಿ. ಹುಡುಗ ಒಬ್ಬ ಗೆಳೆಯನನ್ನು ತಂದು, "ಅಲ್ಲೆ ಏನೂ ಇಲ್ಲ, ಆದ್ರೂ ತಾಟು ಇಡೂದು ಬಿಡಬಾರದು, ಪ್ರಯೋಗ ಮುಗದಿಲ್ಲ" ಅಂದ.

ಸಂಜೆಗೆ ಎಣಿಸಿದರೆ ಇಪ್ಪತ್ತೊಂಬತ್ತು. ಬೀದಿ ನೋಡಿದೆ, ಇನ್ನಾರೂ ಇಲ್ಲ. ಅವ್ವಾರು ಗೋಡೆಯ ಹತ್ತಿರ ಹೋಗಿ, ಒಂಟಿ ಮೊಳೆಯಿಂದ ಬಿಳಿ ಕಾರ್ಡು ತೆಗೆದು, ಉಳಿದವುಗಳ ಸಾಲಿಗೆ ಹಾಕಿದರು.

"ಮೂವತ್ತು."

"ಅವ್ವಾರ," ಬಾಯಿ ತಪ್ಪಿತು, "ಅವರು ಉಣ್ಣೂದಿಲ್ಲಲ್ಲರಿ..."

ಅವರು ತಿರುಗಿ ನನ್ನನ್ನು ನೋಡಿದರು. "ಮೊನ್ನೆ ಜ್ವಾಳದ ಚೀಲದ ಹಿಂದ ಕುಂತು ನೋಡಿದಿ ಹೌದಲ್ಲೋ? ತಲಿ ಮ್ಯಾಲೆ ಜ್ವಾಳದ ಹೊಟ್ಟು ಹಂಗ ಇತ್ತು. ನಾ ಐದು ವರ್ಷದಿಂದ ನೋಡಾಕತ್ತೇನಿ."

ನಾನು ತಲೆ ಮುಟ್ಟಿ ನೋಡಿಕೊಂಡೆ.

"ಹಳದಿ ಕಾರ್ಡಿನಾವರನ್ನ ಕರದು ಉಣ್ಣು ಅಂದ್ರ ಉಣತಾರೇನು? ನಾಚತಾರ. ಸತ್ತಾವರ ಎಂಜಲಿಗೆ ನಾಚಿಕಿಲ್ಲ. ಉಪ್ಪು ಕಮ್ಮಿ ಅಂತ ಬಟ್ಟಲದಾಗ ಬೆರಳ ಅದ್ದಿ ಹೇಳತಿದ್ದಾವರೂ ಅವರ."

"ಮತ್ತ ದಿನಾ ಮೂರ ಮೂರ ಸಲ ಕೆಮ್ಮತೀರಲ್ಲರಿ? ಅದು ಯಜಮಾನರಿಗೆ ಎದ್ದು ಹೋಗಾಕ ಅಂತ..."

"ಹುಚ್ಚಾ," ಅಂದರು ಅವ್ವಾರು. "ಒಮ್ಮೆಲೆ ಬಾಗಲಾ ತಗದ್ರ ಹುಡುಗರು ಗಾಬರಿಯಾಗಿ ರೊಟ್ಟಿ ಗಂಟಲಾಗ ಸಿಗಿಸಿಕೊಂಡಾರು. ಆಮ್ಯಾಲೆ ಖರೇನ ದೆವ್ವ ಆದಾರು."

೮. ಮೆಣಸಿನಕಾಯಿ ತೊಟ್ಟು

ಒಲೆ ಉರಿಯಿತು. ಮೂವತ್ತು ತುಂಬಿದ ಮರುದಿನದಿಂದಲೇ ನನ್ನ ಅಂಗಾಲು ತುರಿಸತೊಡಗಿತ್ತು. ಆದರೂ ಸೆಮಿಸ್ಟರ್ ಮುಗಿಯುವ ತನಕ ಇದ್ದೆ. ಗೊತ್ತಿದ್ದ ದೆವ್ವಗಳ ಜೊತೆ ಹೊತ್ತು ಹೋಗುತ್ತದೆ.

ಪರೀಕ್ಷೆ ಮುಗಿದು ಹುಡುಗರೆಲ್ಲ ಊರಿಗೆ ಹೋದರು. ಉಗರಗೋಳದವನನ್ನು ನಾನೇ ಬಸ್ಸು ಹತ್ತಿಸಿ ಬಂದೆ. ಮನೋಳಿಯ ಹುಡುಗಿ ಹಿಂದಿನ ದಿನವೇ ಹೋಗಿದ್ದಳು. ಬಿ.ಎಸ್ಸಿ. ಹುಡುಗ ಫೋಟೋಕ್ಕೆ ಕೈ ಮುಗಿದು, ನಾನು ನೋಡಿದ್ದು ಕಂಡು, ಮುಗಿದ ಕೈಯಲ್ಲೇ ಕನ್ನಡಕ ಒರೆಸಿಕೊಂಡು ಹೋದ. ಖಾನಾವಳಿಯಲ್ಲಿ ಉಳಿದದ್ದು ಅವ್ವಾರು ಮತ್ತು ನಾನು.

ಮರುದಿನ ಹನ್ನೆರಡೂವರೆಗೆ ಅವ್ವಾರು ಏಳನೇ ತಾಟು ಹಚ್ಚಿದರು.

"ಇವತ್ತ ಯಾರಿಗೆ ಅವ್ವಾರ? ಉಣ್ಣಾವರ ಎಲ್ಲಾರೂ ಊರಿಗೆ ಹೋಗ್ಯಾರಲ್ಲರಿ."

"ರೂಢಿ ಬಿಡಬಾರದು."

ಯಾರೂ ಇಲ್ಲದ ಓಣಿ, ನಾಯಿ ಬೆಕ್ಕು ಬಂದೀತು ಅಂತ ಹಿತ್ತಲ ಬಾಗಿಲ ಚಿಲಕ ನಾನೇ ಹಾಕಿದೆ. ಬೀದಿ ಬಾಗಿಲಿಗೂ ಚಿಲಕ. ಕಿಟಕಿ ಸಹ ಎಳೆದೆ. ಊದಿನಕಡ್ಡಿ ಹಚ್ಚಿ, ಇಬ್ಬರೂ ಅಡುಗೆಮನೆಯಲ್ಲಿ ಕುಂತೆವು. ಹೊರಗೆ ಬಿಸಿಲು, ಒಳಗೆ ಒಂದು ನೊಣದ ಸದ್ದೂ ಇಲ್ಲ.

ಕಿಣಕ್.

ಅವ್ವಾರ ಕೈಯಲ್ಲಿನ ಬೆಳ್ಳುಳ್ಳಿ ನಿಂತಿತು. ಅಷ್ಟು ದಿನದಲ್ಲಿ ಆ ಕೈ ನಿಂತದ್ದು ನಾನು ನೋಡಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅರ್ಧ ತಾಸು ಹಂಗೇ ಕುಂತೆವು. ಆಮೇಲೆ ಅವರು ಎದ್ದು ಬಾಗಿಲ ಮುಂದೆ ನಿಂತು ಕೆಮ್ಮಿದರು. ಯಾವತ್ತಿನಂತೆ ಮೂರು ಸಲ ಅಲ್ಲ, ಒಂದೇ ಸಲ, ಮೆಲ್ಲಗೆ.

ಚಿಲಕಗಳು ಹಾಕಿದಂತೆಯೇ ಇದ್ದವು. ತಾಟು ಖಾಲಿ. ಉಪ್ಪಿನ ಬಟ್ಟಲ ನಡುವೆ, ಧ್ವಜದ ಹಾಗೆ, ಒಂದು ಮೆಣಸಿನಕಾಯಿ ತೊಟ್ಟು ನೆಟ್ಟಗೆ ನಿಂತಿತ್ತು.

ಆ ತೊಟ್ಟಿನ ಸಂಗತಿ ಹುಡುಗರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ, ಇಬ್ಬರೂ ಗೋಡೆಯ ಈಚೆ ಕುಂತಿದ್ದೆವು.

ಅವ್ವಾರು ಬಗ್ಗಿ ತೊಟ್ಟನ್ನು ಬಹಳ ಹೊತ್ತು ನೋಡಿದರು. ಸೆರಗು ತಲೆಯ ಮೇಲೆ ಎಳೆದುಕೊಂಡರು.

"ಅಯ್ಯ," ಅಂದರು, ಹೊಸ ಮದುವಣಗಿತ್ತಿಯ ದನಿಯಲ್ಲಿ. "ಇವತ್ತ ಪಲ್ಯಕ್ಕ ಉಪ್ಪು ಮರತೇ ಬಿಟ್ಟೆನಲ್ಲ." ಡಬ್ಬಿ ತರಲು ಒಳಗೆ ಹೋದರು.

ನಾನೂ ಒಳಗೆ ಹೋದೆ, ನನ್ನ ಚೀಲದ ಹತ್ತಿರ. ಎರಡು ಅಂಗಿ, ಒಂದು ಟಾವೆಲ್, ಮೊಬೈಲಿನ ಚಾರ್ಜರು. ಸಾಮಾನು ಕಮ್ಮಿ ಇದ್ದವನಿಗೆ ಹೆದರಿಕೆ ಬಂದಾಗ ಅನುಕೂಲ. ಮೂವತ್ತು ತುಂಬಿತ್ತು, ಕೊಟ್ಟ ಮಾತು ತೀರಿತ್ತು, ರಾಮದುರ್ಗದ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಅಂಗಿ ಮಡಚದೆ ತುರುಕುತ್ತಿದ್ದೆ.

"ಹೊಂಟಿ?" ಬಾಗಿಲಲ್ಲಿ ಅವ್ವಾರು.

"ಹೊಂಟೇನ್ರಿ ಅವ್ವಾರ. ಕಾಲು ಕೇಳವಲ್ಲದು."

ಅವರು ಇರು ಅನ್ನಲಿಲ್ಲ. ತಿರುಗಿ ಹೋದರು. ಆಚೆ ತಾಟಿನ ಸದ್ದಾಯಿತು. ಚೀಲ ಹಿಡಕೊಂಡೇ ಇಣುಕಿ ನೋಡಿದೆ. ಏಳನೇ ಜಾಗದ ಪಕ್ಕ, ಎಂಟನೇ ಜಾಗದಲ್ಲಿ ಇನ್ನೊಂದು ತಾಟು. ಎರಡು ರೊಟ್ಟಿ, ಎಣಗಾಯಿ, ಮೆಣಸಿನಕಾಯಿ, ಉಪ್ಪಿನ ಬಟ್ಟಲು. ಮುಂದೆ ಒಂದು ಊದಿನಕಡ್ಡಿ. ಗೋಡೆಯ ಮೊಳೆಗೆ ಹೊಸ ಬಿಳಿ ಕಾರ್ಡು, ಮೇಲೆ ನನ್ನ ಹೆಸರು.

ಚೀಲ ಕೈಯಿಂದ ಜಾರಿತು. "ಅವ್ವಾರ! ನಾ ಇನ್ನೂ ಸತ್ತಿಲ್ಲರೀ!"

"ಗೊತ್ತೈತೋ," ಅಂದರು ಅವ್ವಾರು, ಕಡ್ಡಿ ಗೀರುತ್ತ. "ಸತ್ತಾವರು ದಿನಾ ಬರೋಬ್ಬರಿ ಟೈಮಿಗೆ ಉಣ್ಣಾಕ ಬರತಾರ. ನಿನ್ನಂಥಾವರದ ನನಗ ಚಿಂತಿ."